ರಿಲೀವರ್ ಇಲ್ಲದ ನೌಕರಿ

ಶನಿವಾರ ಬೆಳಿಗ್ಗೆ ಗಣೇಶಗುಡಿ ಕಡೆಗೆ ಹೋಗುವ ರಸ್ತೆಯಲ್ಲಿ ನಿಂತು ನೋಡಿ, ಬೆಂಗಳೂರಿನ ನಂಬರ್ ಪ್ಲೇಟಿನ ಕಾರುಗಳೇ ಕಾರುಗಳು. ಒಳಗಿರುವವರಲ್ಲಿ ಬಹಳಷ್ಟು ಮಂದಿ ಸಾಫ್ಟ್‌ವೇರ್‌ನವರು. ಬಂದ ದಿನ ಕಾಳಿ ನದಿಯಲ್ಲಿ ರಾಫ್ಟಿಂಗ್, ರಾತ್ರಿ ಕ್ಯಾಂಪ್‌ಫೈರ್, ಮರುದಿನ ಮಂಗಟ್ಟೆ ಹಕ್ಕಿಯ ಫೋಟೊ, ಸಂಜೆಗೆ ವಾಪಸ್. ದಾಂಡೇಲಿ, ಜೋಯಿಡಾದ ಎಷ್ಟೋ ಮನೆಗಳ ಒಲೆ ಇವರಿಂದಲೇ ಉರಿಯುತ್ತಿದೆ. ಹಾಗಾಗಿ ಪ್ರವಾಸೋದ್ಯಮಕ್ಕೆ ಅಡ್ಡಗಾಲು ಹಾಕುವ ಉದ್ದೇಶ ನನಗಿಲ್ಲ. ಆದರೆ ಕೆಲಸ ಮಾಡಿ ಬೆಂದು ಹೋದವರಿಗೆ ಎರಡು ದಿನದ ಕಾಡೇ ಮದ್ದು ಎನ್ನುವ ಪ್ರಚಾರವನ್ನು ಒಪ್ಪಲಾರೆ.

ಇಸ್ರೇಲಿನ ಸಂಶೋಧಕರಾದ ಮೀನಾ ವೆಸ್ಟ್‌ಮನ್ ಮತ್ತು ಡೊವ್ ಈಡನ್ 1997ರಲ್ಲೇ ಇದನ್ನು ಅಳೆದು ನೋಡಿದ್ದಾರೆ. 76 ಗುಮಾಸ್ತರನ್ನು ರಜೆಗೆ ಮೊದಲು, ರಜೆಯ ನಡುವೆ, ರಜೆ ಮುಗಿದ ಮೇಲೆ ವಿಚಾರಿಸಿದರು. ರಜೆಯಲ್ಲಿ ಬಳಲಿಕೆ ಇಳಿದದ್ದು ನಿಜ. ಕೆಲಸಕ್ಕೆ ಮರಳಿದ ಮೂರೇ ದಿನಕ್ಕೆ ಅದು ಮತ್ತೆ ಏರತೊಡಗಿತ್ತು, ಮೂರು ವಾರಕ್ಕೆ ಮೊದಲಿದ್ದ ಮಟ್ಟಕ್ಕೇ ಬಂದು ನಿಂತಿತ್ತು. ಅವರದ್ದಾದರೂ ಸರಿಯಾದ ರಜೆ. ನಮ್ಮಲ್ಲಿಗೆ ಬರುವವರು ಲ್ಯಾಪ್‌ಟಾಪ್ ಹೊತ್ತುಕೊಂಡೇ ಬರುತ್ತಾರೆ. ಪರಿಚಯದವರ ಹೋಮ್‌ಸ್ಟೇಯಲ್ಲಿ ಒಮ್ಮೆ ನೋಡಿದೆ: ಮೂವತ್ತರ ಆಸುಪಾಸಿನ ಹುಡುಗ, ಅರ್ಧ ತಿಂದ ರೊಟ್ಟಿಯನ್ನು ಜಗಲಿ ಕಟ್ಟೆಯ ಮೇಲೆ ಬಿಟ್ಟು, ತೆರೆದ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಸಿಗ್ನಲ್ ಹುಡುಕುತ್ತ ಅಂಗಳವಿಡೀ ಸುತ್ತುತ್ತಿದ್ದ. ‘ಪ್ರೊಡಕ್ಷನ್ ಡೌನ್ ಆಗಿದೆ ಸರ್, ಐದೇ ನಿಮಿಷ’ ಅಂದ. ಜೊತೆಯವರು ನದಿಗಿಳಿದು, ಮೇಲೆ ಬಂದು, ಒದ್ದೆ ಬಟ್ಟೆ ಹಿಂಡಿ ಹಗ್ಗಕ್ಕೆ ಹರವುವಾಗಲೂ ಅವನ ಐದು ನಿಮಿಷ ಮುಗಿದಿರಲಿಲ್ಲ.

ಇನ್ನೊಂದು ತಮಾಷೆ. ‘ಇಲ್ಲಿ ನೆಟ್‌ವರ್ಕ್ ಇಲ್ಲ’ ಎಂಬ ಒಂದೇ ಸಾಲಿಗೆ ಈಗ ಹೋಮ್‌ಸ್ಟೇಗಳಲ್ಲಿ ರೇಟು ಬಂದಿದೆ. ಅದೇ ಸಾಲನ್ನು ಮನವಿಪತ್ರದಲ್ಲಿ ಬರೆದುಕೊಂಡು ಜೋಯಿಡಾದ ಹಳ್ಳಿಗರು ಕಚೇರಿ ಅಲೆಯುತ್ತಿದ್ದಾರೆ. 2020ರ ಲಾಕ್‌ಡೌನ್‌ನಲ್ಲಿ ಊರಿಗೆ ಬಂದ ಹುಡುಗ ಹುಡುಗಿಯರು ಗುಡ್ಡ ಹತ್ತಿ ಮೀಟಿಂಗ್‌ಗೆ ಸೇರಿಕೊಂಡದ್ದನ್ನು ನಾವ್ಯಾರೂ ಮರೆತಿಲ್ಲ.

ಬೆಂದು ಹೋಗುತ್ತಿರುವವರು ಹೊರಗಿನವರು ಮಾತ್ರವೇ? ಹಳಿಯಾಳದ ಇಂಜಿನಿಯರಿಂಗ್ ಕಾಲೇಜಿನಲ್ಲಿ, ಹುಬ್ಬಳ್ಳಿ–ಬೆಳಗಾವಿಯಲ್ಲಿ ಓದಿ ಬೆಂಗಳೂರು, ಪುಣೆ ಸೇರಿದ ನಮ್ಮ ತಾಲೂಕುಗಳ ಮಕ್ಕಳೂ ಅದರಲ್ಲಿದ್ದಾರೆ. ಹಬ್ಬಕ್ಕೆ ಬಂದವರು ಹಗಲೆಲ್ಲ ಮಲಗುತ್ತಾರೆ. ‘ಕೆಲಸ ಹೇಗಿದೆ’ ಅಂದರೆ ‘ನಡೀತಿದೆ’ ಅಂತ ಮುಖ ತಿರುಗಿಸುತ್ತಾರೆ. ಒಂದು ಕಾಲಕ್ಕೆ ತಾನು ಬರೆದ ಪ್ರೋಗ್ರಾಂ ಬಗ್ಗೆ ಅರ್ಥವಾಗದ ಅಜ್ಜಿಗೂ ಕೂರಿಸಿ ಹೇಳುತ್ತಿದ್ದ ಹುಡುಗಿಗೆ ಈಗ ಅದರ ಹೆಸರೆತ್ತಿದರೆ ಸಿಟ್ಟು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್‌ಗೆ ಮೂರು ಗುರುತು ಹೇಳಿತು: ಶಕ್ತಿ ಸೋರಿಹೋಗುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು ಅಥವಾ ಅದರ ಬಗ್ಗೆ ತಾತ್ಸಾರ ಹುಟ್ಟುವುದು, ಕೈಯಿಂದ ಏನೂ ಆಗುತ್ತಿಲ್ಲ ಅನ್ನಿಸುವುದು. ಇದನ್ನು ಕಾಯಿಲೆಗಳ ಸಾಲಿಗೆ ಅದು ಸೇರಿಸಲಿಲ್ಲ. ಕೆಲಸದ ಜಾಗದಲ್ಲಿ ತೀರದೆ ಉಳಿದ ಒತ್ತಡದ ಫಲ ಎಂದಿತು. ಕೆಟ್ಟದ್ದು ಕೆಲಸದ ಜಾಗದಲ್ಲಾದರೆ ರಿಪೇರಿಯೂ ಅಲ್ಲೇ ಆಗಬೇಕು.

‘ಹಾಗಾದರೆ ಬಿಟ್ಟು ಬಾ’ ಎನ್ನುವುದು ಸುಲಭ. ಮನೆ ಸಾಲದ ಕಂತು, ತಂಗಿಯ ಓದು, ಅಪ್ಪನ ಮಾತ್ರೆ, ಮೂರು ತಿಂಗಳ ನೋಟಿಸ್ ಪೀರಿಯಡ್ ಎಲ್ಲ ಆ ಸಂಬಳದ ಮೇಲೇ ನಿಂತಿರುತ್ತವೆ. ರಾಜೀನಾಮೆ ಕೊಟ್ಟು ಫಾರ್ಮ್ ಮಾಡಿದವರ ಕಥೆ ಪತ್ರಿಕೆಗಳಿಗೆ ಇಷ್ಟ. ಅಲ್ಲೇ ಉಳಿದು ಸುಧಾರಿಸಿಕೊಂಡವರ ಫೋಟೊ ಯಾರೂ ಹಾಕುವುದಿಲ್ಲ. ನನಗೆ ಅಂಥವರಲ್ಲೇ ಹೆಚ್ಚು ಆಸಕ್ತಿ.

ನಮ್ಮ ಓಣಿಯ ಹಿರಿಯರೊಬ್ಬರು ಪೇಪರ್ ಮಿಲ್ಲಿನಲ್ಲಿ ದುಡಿದು ನಿವೃತ್ತರಾದವರು. ಮಗ ಬೆಂಗಳೂರಿನಲ್ಲಿ ಡೆವಲಪರ್. ದೀಪಾವಳಿಗೆ ಬಂದವನು ರಾತ್ರಿ ಎರಡಕ್ಕೆ ಎದ್ದು ಫೋನಿನಲ್ಲಿ ಮಾತಾಡುವುದನ್ನು ಕಂಡು ಬೆಳಿಗ್ಗೆ ಚಹಾ ಕುಡಿಯುವಾಗ ಕೇಳಿದರಂತೆ: ‘ಅಲ್ಲೋ, ನಿನ್ನ ರಿಲೀವರ್ ಯಾರು?’

‘ಹಂಗೇನೂ ಇಲ್ಲ ಅಪ್ಪಾ.’

‘ಇಲ್ಲಂದ್ರ? ಮಷೀನು ಇಪ್ಪತ್ನಾಲ್ಕು ತಾಸು ಓಡತೈತಿ, ಮನಷ್ಯಾ ಒಬ್ಬನ?’

ಮಿಲ್ಲಿನಲ್ಲಿ ದುಡಿದವರಿಗೆ ಈ ಪ್ರಶ್ನೆ ಸಹಜ. ದಾಂಡೇಲಿಗೆ 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಬಂದಾಗಿನಿಂದ ಊರಿನ ದಿನಚರಿಯೇ ಶಿಫ್ಟಿಗೆ ಹೊಂದಿಕೊಂಡಿದೆ. ಕಾಗದದ ಯಂತ್ರವನ್ನು ಸಂಜೆ ಆಫ್ ಮಾಡಿ ಬೆಳಿಗ್ಗೆ ಆನ್ ಮಾಡಲು ಬರುವುದಿಲ್ಲ. ಅದಕ್ಕಾಗಿಯೇ ಮೂರು ಪಾಳಿ. ಹೋಗುವವನು ಯಾವ ಪಂಪು ಸದ್ದು ಮಾಡುತ್ತಿದೆ, ಎಲ್ಲಿ ಕಾಗದ ಹರಿಯಿತು, ಏನು ಬಾಕಿ ಎಂದು ಲಾಗ್‌ಬುಕ್ಕಿನಲ್ಲಿ ಬರೆದು ಬರುವವನಿಗೆ, ಅಂದರೆ ತನ್ನ ರಿಲೀವರ್‌ಗೆ, ಒಪ್ಪಿಸಬೇಕು. ಗೇಟು ದಾಟಿದ ಮೇಲೆ ಆ ಪಂಪು ಇನ್ನೊಬ್ಬನ ತಲೆನೋವು. ವಾರಕ್ಕೆ 48 ತಾಸು, ಹೆಚ್ಚು ದುಡಿಸಿದರೆ ದುಪ್ಪಟ್ಟು ಕೂಲಿ, ರಜೆ ದಿನ ಕರೆಸಿದರೆ ಬದಲಿ ರಜೆ ಅಂತ 1948ರ ಕಾರ್ಖಾನೆ ಕಾಯ್ದೆ ಬರೆದಿಟ್ಟಿತ್ತು. ಮಿಲ್ಲಿನ ಕೆಲಸ ಹಗುರದ್ದೇನಲ್ಲ, ಹೊಗೆ–ವಾಸನೆಯ ಕಥೆ ಬೇರೆಯೇ ಇದೆ. ಆದರೆ ಪಾಳಿ ಮುಗಿದವನು ಮುಗಿದವನೇ.

ಆ ಹಿರಿಯರ ಮಗ ಬೆಂಗಳೂರಿಗೆ ವಾಪಸ್ ಹೋಗಿ ಮಾಡಿದ ಕೆಲಸ ನನಗೆ ಹಿಡಿಸಿತು. ‘ಸುಸ್ತಾಗಿದೆ’ ಅಂದರೆ ಮ್ಯಾನೇಜರು ‘ಎರಡು ದಿನ ರಜೆ ತಗೋ’ ಅನ್ನುತ್ತಾರೆ, ಮೂರನೇ ದಿನ ಅದೇ ಗೋಳು. ಇವನು ಒಂದಷ್ಟು ವಾರ ರಾತ್ರಿ ಬಂದ ಪ್ರತಿಯೊಂದು ಕರೆಯನ್ನೂ ಬರೆದಿಟ್ಟ: ಎಷ್ಟೊತ್ತಿಗೆ ಬಂತು, ಯಾಕೆ ಬಂತು, ಬೆಳಿಗ್ಗೆವರೆಗೆ ಕಾಯಬಹುದಿತ್ತೇ. ಪಟ್ಟಿ ನೋಡಿದರೆ ಅರ್ಧಕ್ಕರ್ಧ ಯಾರಿಗೂ ಬೇಡದ ಅಲರ್ಟ್‌ಗಳು. ಯಾವಾಗಲೋ ಯಾರೋ ಹಚ್ಚಿಟ್ಟದ್ದು, ಆರಿಸುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಮೊದಲು ಅವು ಹೋದವು. ಉಳಿದದ್ದಕ್ಕೆ ತಂಡದಲ್ಲಿ ವಾರಕ್ಕೊಬ್ಬರಂತೆ ಆನ್‌ಕಾಲ್ ಸರದಿ, ರಾತ್ರಿ ಎದ್ದವರು ಮರುದಿನ ತಡವಾಗಿ ಬರಬಹುದು, ಸೋಮವಾರ ಲಾಗ್‌ಬುಕ್ ಮಾದರಿಯಲ್ಲೇ ಬರವಣಿಗೆಯಲ್ಲಿ ಹಸ್ತಾಂತರ. ತನ್ನ ಸರದಿಯಲ್ಲದ ವಾರ ಆಫೀಸಿನ ಆ್ಯಪ್‌ಗಳನ್ನು ಫೋನಿನಿಂದಲೇ ತೆಗೆದ. ಮ್ಯಾನೇಜರು ಮೊದಲು ಗೊಣಗಿದರಂತೆ. ಪಟ್ಟಿ ಕಣ್ಣ ಮುಂದಿದ್ದುದರಿಂದ ಹೆಚ್ಚು ಗೊಣಗಲಾಗಲಿಲ್ಲ. ಸಂಬಳ, ಹುದ್ದೆ ಎಲ್ಲ ಇದ್ದಂತೆಯೇ ಇವೆ, ನಿದ್ದೆ ಮರಳಿ ಬಂದಿದೆ. ಕೋಡ್ ಮೇಲಿನ ಪ್ರೀತಿ ಇನ್ನೂ ಪೂರ್ತಿ ಬಂದಿಲ್ಲ ಅನ್ನುತ್ತಾನೆ. ಅದಕ್ಕೆ ತಿಂಗಳುಗಳೇ ಬೇಕು.

ಎಲ್ಲರ ರೋಗವೂ ರಾತ್ರಿ ಕರೆಯಲ್ಲ ಅನ್ನುವುದೂ ನಿಜ. ಬರ್ನ್‌ಔಟನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಮೈಕೆಲ್ ಲೈಟರ್ ಆರು ಕಡೆ ನೋಡಿ ಎನ್ನುತ್ತಾರೆ: ಹೊರೆ, ಹಿಡಿತ, ಪ್ರತಿಫಲ, ಸಹವಾಸ, ನ್ಯಾಯ, ಮೌಲ್ಯ. ಹೊರೆ ಹೆಚ್ಚಾದವನಿಗೆ ವಿಶ್ರಾಂತಿ ತಕ್ಕಮಟ್ಟಿಗೆ ನಾಟುತ್ತದೆ. ತಾನು ಮಾಡಿದ ಕೆಲಸಕ್ಕೆ ಇನ್ನೊಬ್ಬರು ಹೆಸರು ಪಡೆಯುವುದನ್ನು ನೋಡಿ ನೋಡಿ ಒಣಗಿದವಳಿಗೆ ಕಾಳಿಯಲ್ಲಿ ಹತ್ತು ಸಲ ಮುಳುಗಿದರೂ ಪ್ರಯೋಜನವಿಲ್ಲ. ಅವಳಿಗೆ ಬೇಕಾದದ್ದು ಅದೇ ಕಂಪನಿಯಲ್ಲಿ ಬೇರೆ ತಂಡ. ನೌಕರಿ ಬಿಡದೆ ಜಾಗ ಬದಲಿಸುವುದು ಸಾಧ್ಯವಿದೆ ಎಂಬುದೇ ಎಷ್ಟೋ ಜನಕ್ಕೆ ಹೊಳೆಯುವುದಿಲ್ಲ. ಎಲ್ಲರೂ ಮುಂಡಗೋಡದ ಲಾಮಾ ಕ್ಯಾಂಪಿಗೆ ಹೋಗಿ ಧ್ಯಾನ ಕಲಿಯಬೇಕು ಎನ್ನುವ ಸಲಹೆಯೂ ಇತ್ತೀಚೆಗೆ ಧಾರಾಳವಾಗಿ ಸಿಗುತ್ತಿದೆ. ಕಲಿಯಲಿ, ಒಳ್ಳೆಯದೇ. ಆದರೆ ಅಲ್ಲಿನ ಟಿಬೆಟನ್ ಮಠಗಳಲ್ಲಿ ಪಾಠಕ್ಕೆ, ಊಟಕ್ಕೆ, ನಿದ್ದೆಗೆ ಹೊತ್ತು ಗೊತ್ತಿದೆ ಎಂಬುದನ್ನೂ ನೋಡಿಕೊಂಡು ಬರಲಿ.

ಸರ್ಕಾರದಿಂದ ಹೆಚ್ಚು ನಿರೀಕ್ಷೆ ಬೇಡ. 2023ರಲ್ಲಿ ಇನ್ಫೋಸಿಸ್‌ನ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ತಾಸು ದುಡಿಯಬೇಕು ಎಂದರು. ಮರುವರ್ಷ ಐಟಿ ನೌಕರರ ದಿನವನ್ನು 14 ತಾಸಿಗೆ ಎಳೆಯುವ ಪ್ರಸ್ತಾಪವೇ ಬೆಂಗಳೂರಿನಲ್ಲಿ ಬಂತು. ನೌಕರರ ಸಂಘ ಬೀದಿಗಿಳಿಯಿತು. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಿಂದ ಕೆಲಸದ ಹೊತ್ತು ಮುಗಿದ ಮೇಲೆ ಬಂದ ಕರೆಯನ್ನು, ನಿರಾಕರಣೆ ಅಸಮಂಜಸವಲ್ಲದಿದ್ದರೆ, ಎತ್ತದಿರುವ ಹಕ್ಕು ಕಾನೂನಿನಲ್ಲಿದೆ. ಅಂಥದ್ದು ಇಲ್ಲಿ ಬರುವವರೆಗೆ ನಮ್ಮ ಹುಡುಗರು ತಂಡ ತಂಡದಲ್ಲೇ ಕೂತು ಸರದಿ ಹಾಕಿಕೊಳ್ಳಬೇಕು. ಒಬ್ಬನೇ ಕೇಳಿದರೆ ಅವನು ಸೋಮಾರಿ, ನಾಲ್ವರು ಒಟ್ಟಿಗೆ ಕೇಳಿದರೆ ಅದು ವ್ಯವಸ್ಥೆ.

ಊರಲ್ಲಿರುವ ನಮಗೂ ಒಂದು ಮಾತು. ನಿದ್ದೆ, ಹಸಿವು ಎರಡೂ ಕೆಟ್ಟು ಎರಡು ವಾರ ಕಳೆದರೆ, ಬದುಕೇ ಬೇಡ ಎಂಬ ಮಾತು ಬಾಯಲ್ಲಿ ಬಂದರೆ, ಅದು ಸರದಿಪಟ್ಟಿಯಿಂದ ಸರಿಹೋಗುವ ದಣಿವಲ್ಲ, ಡಾಕ್ಟರು ನೋಡಬೇಕು. ನಮಗೆ ಹತ್ತಿರದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಧಾರವಾಡದಲ್ಲಿದೆ. ‘ಧಾರವಾಡಕ್ಕ ಕಳಸಬೇಕು ಇವನ್ನ’ ಎಂಬ ಹಳೇ ಕುಹಕವೇ ಎಷ್ಟೋ ಮನೆಯವರನ್ನು ಆ ಬಸ್ ಹತ್ತದಂತೆ ತಡೆದಿದೆ. ಹೋಗಲು ಮನಸ್ಸಾಗದವರು ಸರ್ಕಾರದ ಟೆಲಿ–ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿ ಎರಡಕ್ಕೂ ಎತ್ತುತ್ತಾರೆ. ಅಲ್ಲಿ ಶಿಫ್ಟ್ ಇದೆ.