ಹಳೆಯ ಕಾರುಗಳೆಲ್ಲ ಕಪ್ಪಗಿರಲಿಲ್ಲ

ಹಳೆಯ ಕಾರು ಎಂದ ಕೂಡಲೇ ಕಣ್ಣಿಗೆ ಕಟ್ಟುವುದು ಕಪ್ಪು ಬಣ್ಣ. ಈ ತಪ್ಪು ಕಲ್ಪನೆಗೆ ಅರ್ಧ ಕಾರಣ ಕ್ಯಾಮೆರಾ. ಎರಡನೇ ಮಹಾಯುದ್ಧಕ್ಕಿಂತ ಹಿಂದಿನ ಬಹುತೇಕ ಫೋಟೊಗಳು ಕಪ್ಪು ಬಿಳುಪು. ಅದರಲ್ಲೂ ಆರಂಭದ ದಿನಗಳ ಫಿಲ್ಮಿಗೆ ಕೆಂಪು ಬಣ್ಣವನ್ನು ಹಿಡಿಯುವ ಶಕ್ತಿಯೇ ಇರಲಿಲ್ಲ. ಹಾಗಾಗಿ ಕಡುಗೆಂಪು ಕಾರು ಫೋಟೊದಲ್ಲಿ ಕಪ್ಪಾಯಿತು, ನೀಲಿ ಕಾರು ಬಿಳಿಚಿಕೊಂಡಿತು. ಉಳಿದರ್ಧ ಕಾರಣ ಫೋರ್ಡ್ ಕಂಪನಿ. ಅದರ ‘ಮಾಡೆಲ್ ಟಿ’ ಕಾರು 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಷ್ಟೇ ಬಂತು. ಅದೇ ಕಾರು ಮೊದಲ ವರ್ಷಗಳಲ್ಲಿ ಕೆಂಪು, ಹಸಿರು, ಬೂದು ಬಣ್ಣಗಳಲ್ಲಿ ಸಿಗುತ್ತಿತ್ತು ಎಂಬುದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ.

ಬಣ್ಣಕ್ಕೆ ಸಾಕ್ಷಿ ಬೇಕಿದ್ದರೆ ಬಹಳ ದೂರ ಹೋಗಬೇಕಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ 1948ರವರೆಗೆ ನಿಜಾಮರ ಆಡಳಿತದಲ್ಲಿದ್ದ ಊರುಗಳು. ಆ ನಿಜಾಮರ ಮನೆತನಕ್ಕೆ ಸೇರಿದ 1912ರ ರೋಲ್ಸ್ ರಾಯ್ಸ್ ‘ಸಿಲ್ವರ್ ಘೋಸ್ಟ್’ ಕಾರು ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿದೆ. ಅದರ ಬಣ್ಣ ಹೊಳೆಯುವ ಹಳದಿ. ಆಸಫ್ ಜಾಹಿ ಬಾವುಟದ್ದೂ ಹಳದಿಯೇ. ಹಿಂಬದಿಯ ಆಸನ ಸಿಂಹಾಸನದಂತೆ ಎತ್ತರ. ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಈ ಕಾರು ಮಾಡಿಸಲು ಹೇಳಿದ್ದರು, ಆದರೆ 1911ರಲ್ಲೇ ತೀರಿಕೊಂಡರು. ಏರುವ ಭಾಗ್ಯ ಮಗ ಉಸ್ಮಾನ್ ಅಲಿ ಖಾನ್ ಅವರದಾಯಿತು. ಅದು ಓಡಿದ್ದು ಕೆಲವು ನೂರು ಮೈಲಿ ಅಷ್ಟೇ. ಮಡಚುವ ಟಾಪಿನ ಕಾರೇ ಬೇಕೆಂದರೆ ರಾಜಕೋಟೆಯ ಅರಸರು ಮಾಡಿಸಿದ 1934ರ ‘ಸ್ಟಾರ್ ಆಫ್ ಇಂಡಿಯಾ’ ಇದೆ. ಥ್ರಪ್ ಅಂಡ್ ಮ್ಯಾಬರ್ಲಿ ಎಂಬ ಇಂಗ್ಲೆಂಡಿನ ಬಾಡಿ ಕಟ್ಟುವ ಕಂಪನಿ ಅದಕ್ಕೆ ಹಚ್ಚಿದ್ದು ಕಾವಿಗೆ ಹತ್ತಿರದ ಕೇಸರಿ ಬಣ್ಣ.

ರೋಲ್ಸ್ ರಾಯ್ಸ್ ಕಾರಿಗೆ ಬೇರೆ ಕಂಪನಿ ಯಾಕೆ ಬಾಡಿ ಕಟ್ಟಿತು ಎಂದು ಕೇಳಬಹುದು. ಆಗ ದುಬಾರಿ ಕಾರುಗಳ ವ್ಯವಹಾರ ಇವತ್ತಿನ ಲಾರಿಯಂತೆಯೇ ಇತ್ತು. ಕಂಪನಿ ಎಂಜಿನ್ ಮತ್ತು ಚಾಸಿ ಕೊಡುತ್ತಿತ್ತು, ಮೇಲಿನ ಬಾಡಿಯನ್ನು ಗಿರಾಕಿ ತನಗೆ ಬೇಕಾದವರ ಹತ್ತಿರ ಕಟ್ಟಿಸಿಕೊಳ್ಳುತ್ತಿದ್ದ. ಬಾಡಿ ಕಟ್ಟುವವರು ಮೊದಲು ಕುದುರೆ ಸಾರೋಟು ಮಾಡುತ್ತಿದ್ದವರು. ನಮ್ಮ ಮದರಾಸಿನ ಸಿಂಪ್ಸನ್ ಕಂಪನಿಯೂ ಸಾರೋಟಿನಿಂದಲೇ ಶುರುವಾಗಿ ಮೋಟಾರಿಗೆ ಬಂದದ್ದು.

ಹೀಗಾಗಿ ಟಾಪ್ ಮಡಚುವ ಕಾರುಗಳಲ್ಲೇ ನಾಲ್ಕಾರು ಜಾತಿ. ಐದಾರು ಮಂದಿ ಕೂರುವ, ಬಾಗಿಲಿಗೆ ಗಾಜೇ ಇಲ್ಲದ, ಮಳೆ ಬಂದರೆ ಪಕ್ಕಕ್ಕೆ ಪರದೆ ಕಟ್ಟುವ ಕಾರು ‘ಟೂರರ್’. ಅಮೆರಿಕದವರು ಇದನ್ನೇ ‘ಫೇಟನ್’ ಎಂದರು. ಅದು ಮೂಲದಲ್ಲಿ ಒಂದು ಕುದುರೆ ಗಾಡಿಯ ಹೆಸರು. ಇಬ್ಬರೇ ಕೂರುವ ಹಗುರ ಕಾರು ‘ರೋಡ್‌ಸ್ಟರ್’. ಗಾಜು ಏರಿಳಿಸುವ ಬಾಗಿಲು, ಒಳಗೆ ಅಸ್ತರಿ ಹಾಕಿದ ದಪ್ಪ ಟಾಪ್ ಇದ್ದರೆ ‘ಡ್ರಾಪ್‌ಹೆಡ್ ಕೂಪೆ’. ರೋಡ್‌ಸ್ಟರಿನ ಬೆನ್ನಿಗೆ ಒಂದು ಮುಚ್ಚಳ ಇರುತ್ತಿತ್ತು. ಅದನ್ನು ತೆರೆದರೆ ಇನ್ನಿಬ್ಬರಿಗೆ ಸೀಟು, ಬಿಸಿಲು ಮಳೆ ಅವರ ಹಣೆಬರಹ. ಅದರ ಹೆಸರು ‘ಡಿಕ್ಕಿ ಸೀಟ್’. ಸೀಟು ಮಾಯವಾದ ಮೇಲೂ ಹೆಸರು ಉಳಿಯಿತು. ಇವತ್ತು ಕಲಬುರಗಿ ಬಸ್ ಸ್ಟ್ಯಾಂಡಿನ ಹೊರಗೆ ಟ್ಯಾಕ್ಸಿಯವರು ‘ಸಾಮಾನು ಡಿಕ್ಕಿಗೆ ಹಾಕ್ರಿ’ ಎನ್ನುತ್ತಾರಲ್ಲ, ಅದೇ ಇದು.

ಬಣ್ಣ ಹಚ್ಚುವುದಂತೂ ತಪಸ್ಸು. ಎಣ್ಣೆ ಬಣ್ಣದ ಒಂದು ಕೈ ಹೊಡೆದು, ಒಣಗಿಸಿ, ಉಜ್ಜಿ, ಮತ್ತೊಂದು ಕೈ, ಕೊನೆಗೆ ವಾರ್ನಿಷ್. ಒಂದು ಕಾರಿಗೆ ವಾರಗಟ್ಟಲೆ ಹಿಡಿಯುತ್ತಿತ್ತು. ನಡುವೆ ಧೂಳು ಕೂತರೆ ಮತ್ತೆ ಮೊದಲಿನಿಂದ. (ವಾಡಿಯಲ್ಲಿ ಈ ಕೆಲಸ ಎಂದಿಗೂ ಮುಗಿಯುತ್ತಿರಲಿಲ್ಲ. ಇಲ್ಲಿ ಬೆಳಗ್ಗೆ ಯಾವ ಬಣ್ಣದ ಕಾರು ನಿಲ್ಲಿಸಿದರೂ ಸಂಜೆಗೆ ಬೂದಿ ಬಣ್ಣ.) 1923ರಲ್ಲಿ ಡುಪಾಂಟ್ ಕಂಪನಿಯ ‘ಡ್ಯೂಕೊ’ ಬಂದ ಮೇಲೆ ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ಅಮೆರಿಕದ ಓಕ್‌ಲೆಂಡ್ ಕಾರು ನೀಲಿ ಬಣ್ಣ ಹೊಡೆಸಿಕೊಂಡು ಅದರ ಮೊದಲ ಜಾಹೀರಾತಾಯಿತು. ನಮ್ಮ ಬಡಗಿಗಳು ಅಲಮಾರಿಗೆ ‘ಡ್ಯೂಕೊ ಪೇಂಟ್’ ಹೊಡೆಯೋಣವೇ ಎಂದು ಕೇಳುವುದು ಅದೇ ಹೆಸರಿನಿಂದ.

ಇಷ್ಟೆಲ್ಲ ಹೇಳಿದ್ದು ಅರಸರ ಶೋಕಿಯನ್ನು ಹೊಗಳಲು ಅಲ್ಲ. ಈ ಕಾರುಗಳು ಈಗ ಕೆಲಸ ಕೊಡುತ್ತಿವೆ, ಆ ಕೆಲಸ ಯಾರಿಗೆ ಸಿಗಬೇಕು ಎಂಬುದು ನನ್ನ ಪ್ರಶ್ನೆ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ 50 ವರ್ಷ ದಾಟಿದ ವಾಹನಗಳಿಗೆ ‘ವಿಂಟೇಜ್’ ನೋಂದಣಿ ತಂದಿತು. ಅವುಗಳ ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರ ಇರುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಚಾಸಿ, ಬಾಡಿ, ಎಂಜಿನ್ ಮೂಲದಂತೆಯೇ ಇರಬೇಕು ಎಂಬುದು ಅದರ ಮುಖ್ಯ ಷರತ್ತು. ಅಂದರೆ ಟೂರರನ್ನು ಕತ್ತರಿಸಿ ರೋಡ್‌ಸ್ಟರ್ ಮಾಡುವಂತಿಲ್ಲ. ಬಣ್ಣದ ವಿಚಾರದಲ್ಲಿ ಸಂಗ್ರಹಕಾರರು ಇನ್ನೂ ಕಟ್ಟುನಿಟ್ಟು. ಸಿಕ್ಕಿದ ಹಳೆಯ ಕಾರಿಗೆಲ್ಲ ಮದುವೆ ಮೆರವಣಿಗೆಯ ಕೆಂಪು ಬಳಿದರೆ ಅದರ ಬೆಲೆಯೇ ಬಿದ್ದುಹೋಗುತ್ತದೆ. ಬಲ್ಲವರು ಸೀಟಿನ ಅಡಿ, ಡ್ಯಾಶ್‌ಬೋರ್ಡಿನ ಹಿಂದೆ, ಬಾಗಿಲಿನ ಸಂದಿಯಂಥ ಜಾಗಗಳಲ್ಲಿ ಮರಳು ಕಾಗದದಿಂದ ಮೆಲ್ಲಗೆ ಉಜ್ಜುತ್ತಾರೆ. ಒಂದರ ಕೆಳಗೊಂದು ಬಣ್ಣದ ಪದರಗಳು ಬಳೆಯ ಹಾಗೆ ತೋರುತ್ತವೆ. ಪ್ರೈಮರಿಗೆ ತಾಗಿದ ಕೊನೆಯ ಪದರ ಸಾಮಾನ್ಯವಾಗಿ ಹುಟ್ಟಿದಾಗಿನ ಬಣ್ಣ.

ಇಂಥ ಒಂದು ಕಾರಿಗೆ ಜೀವ ತುಂಬಲು ಒಳಗಿನ ಮರದ ಚೌಕಟ್ಟಿಗೆ ಬಡಗಿ, ತಗಡು ತಟ್ಟಿ ತಿರುವು ಕೊಡುವವರು, ಕ್ಯಾನ್ವಾಸ್ ಟಾಪ್ ಹೊಲಿಯುವವರು, ಬಣ್ಣ ಕೂಡಿಸುವ ಕಣ್ಣಿದ್ದವರು ಎಲ್ಲರೂ ಬೇಕು. ನಮ್ಮಲ್ಲಿ ಈ ಕೈಗಳಿಲ್ಲವೇ? ಗ್ಯಾರೇಜುಗಳಲ್ಲಿ ಇದ್ದಾರೆ, ಆದರೆ ಅವರನ್ನು ‘ಡೆಂಟಿಂಗ್ ಪೇಂಟಿಂಗ್ ಹುಡುಗ’ ಎಂದು ಕರೆದು ಮುಗಿಸುತ್ತೇವೆ. ಸಿಮೆಂಟ್ ಫ್ಯಾಕ್ಟರಿಯ ಗೇಟನ್ನೇ ಕಣ್ಣ ಮುಂದಿಟ್ಟುಕೊಂಡ ನಾವು ಐಟಿಐ ಅರ್ಜಿಯಲ್ಲಿ ಬರೆಯುವುದು ಫಿಟ್ಟರ್, ಎಲೆಕ್ಟ್ರಿಷಿಯನ್. ಅದೇ ಐಟಿಐ ಪಠ್ಯಕ್ರಮದ ಪಟ್ಟಿಯಲ್ಲಿ ವಾಹನಗಳ ಬಾಡಿ ದುರಸ್ತಿ, ಬಾಡಿ ಪೇಂಟಿಂಗ್ ಎಂಬ ಒಂದೊಂದು ವರ್ಷದ ಎರಡು ಕೋರ್ಸುಗಳಿವೆ. ಅವು ಯಾವ ಯಾವ ಕಾಲೇಜಿನಲ್ಲಿವೆ ಎಂದು ಪ್ರವೇಶದ ಸಮಯದಲ್ಲಿ ಕೇಳಿ ನೋಡಿ. ಕೇಳುವವರೇ ಇಲ್ಲದಿದ್ದರೆ ತೆರೆಯುವವರೂ ಇರುವುದಿಲ್ಲ.

ಒಂದು ಮಾತು ಖಡಾಖಂಡಿತವಾಗಿ ಹೇಳಬೇಕು. ಈಗ ಗಟ್ಟಿಯಾಗಲು ಹಾರ್ಡ್‌ನರ್ ಬೆರೆಸುವ ಬಣ್ಣಗಳಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ, ಅದು ಉಸಿರಿನೊಳಗೆ ಹೋದರೆ ಅಸ್ತಮಾ ತರಬಲ್ಲದು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಏನೂ ಪ್ರಯೋಜನವಿಲ್ಲ. ಸರಿಯಾದ ಮುಖಗವಸು, ಗಾಳಿ ಹೊರಗೆಳೆಯುವ ಕೋಣೆ ಕೊಡದ ಮಾಲೀಕರ ಹತ್ತಿರ ಸ್ಪ್ರೇ ಗನ್ ಹಿಡಿಯಬೇಡಿ, ಪಗಾರ ಎಷ್ಟೇ ಇರಲಿ.

ಕಣ್ಣಾರೆ ನೋಡಬೇಕೆನ್ನುವವರಿಗೆ ಧರ್ಮಸ್ಥಳದ ಕಾರು ಸಂಗ್ರಹಾಲಯ ಇದೆ, ಶ್ರೀರಂಗಪಟ್ಟಣದ ಹತ್ತಿರ ‘ಪಯಣ’ ಇದೆ. ನಮಗೆ ಎರಡೂ ದೂರ. ಹೈದರಾಬಾದೇ ಸಮೀಪ, ವಾಡಿಯಿಂದ ಚಿತ್ತಾಪುರ, ಸೇಡಂ ಮೇಲೆ ನಿಜಾಮರ ಕಾಲದಲ್ಲೇ ಹಾಕಿದ ರೈಲು ದಾರಿ ಅಲ್ಲಿಗೇ ಹೋಗುತ್ತದೆ. ಚೌಮಹಲ್ಲಾಕ್ಕೆ ಶುಕ್ರವಾರ ರಜೆ, ಆ ದಿನ ಬಿಟ್ಟು ಹೋಗಿ.