ಮುಂಗಾಜಿನ ಮೂಲೆಯ ಮುದ್ರೆ
ಮಾಲೂರು ತಾಲ್ಲೂಕಿನ ಟೇಕಲ್ ಕಡೆಯಿಂದ ಜಲ್ಲಿ ಹೊತ್ತು ಬರುವ ಟಿಪ್ಪರ್‌ಗಳ ಹಿಂದೆ ಕಾರು ಓಡಿಸುವವರಿಗೆ ಮುಂಗಾಜು ಬಿರಿಯುವುದು ಹೊಸತಲ್ಲ. ಈಚೆಗೆ ನನ್ನ ಸರದಿ ಬಂತು. ಕೋಲಾರದ ಅಂಗಡಿಯವರು ಕೇಳಿದ್ದು ಒಂದೇ: ‘ಒರಿಜಿನಲ್ಲೋ, ಲೋಕಲ್ಲೋ?’

ಪ್ರಶ್ನೆಯೇ ಅರೆಬರೆಯಾದುದು. ಕಾರು ತಯಾರಕರು ಸಾಮಾನ್ಯವಾಗಿ ಗಾಜನ್ನು ತಾವೇ ಮಾಡುವುದಿಲ್ಲ. ಅಸಾಹಿ ಇಂಡಿಯಾದಂಥ ಕಂಪನಿಗಳಿಂದ ಕೊಳ್ಳುತ್ತಾರೆ. ಲಾಂಛನಕ್ಕಿಂತ ಮುಖ್ಯವಾದುದು ಐಎಸ್ 2553 ಮುದ್ರೆ, ಮತ್ತು ಒಡೆದರೂ ಚೂರುಗಳನ್ನು ಹಿಡಿದಿಡುವ ನಡುಪದರ. ಗಾಜಿಗೆ ಕ್ಯಾಮೆರಾ ಅಂಟಿಸಿದ ಹೊಸ ಕಾರುಗಳಿಗಾದರೆ ಒರಿಜಿನಲ್ಲೇ ಲೇಸು. ನನ್ನದು ಹಳೆಯ ಕಾರು. ಮುದ್ರೆಯುಳ್ಳ ಲೋಕಲ್ ಗಾಜನ್ನೇ ಹಾಕಿಸಿದೆ.

ಸಮಗ್ರ ವಿಮೆಯಲ್ಲಿ ಗಾಜಿಗೆ ಸವಕಳಿ ಕಡಿತವಿಲ್ಲ, ನಿಜ. ಆದರೆ ಪರಿಹಾರ ಕೇಳಿದರೆ ನೋ ಕ್ಲೇಮ್ ಬೋನಸ್ಸಿಗೆ ಕುತ್ತು. ಟಿಪ್ಪರಿನವನು ಟಾರ್ಪಾಲು ಹೊದಿಸದ ತಪ್ಪಿಗೆ ದಂಡ ತೆರುವವನು ಹೀಗೆ ಹಿಂದಿನ ಕಾರಿನವನೇ.