ಜಿಂಕ್ ಮಾತ್ರೆ ಯಾರಿಗೆ ಬೇಕು?

ಜಿಂಕ್ ಅಂದ್ರೆ ನಮ್ಮಜ್ಜಿಗೆ ಗೊತ್ತಿದ್ದದ್ದು ಕೊಟ್ಟಿಗೆ ಮೇಲಿನ ಶೀಟು. ಅಪ್ಪನಿಗೆ ಗದ್ದೆಗೆ ಹಾಕೋ ಜಿಂಕ್ ಸಲ್ಫೇಟ್ ಚೀಲ. ನನಗೆ ಹೈಸ್ಕೂಲ್ ಪುಸ್ತಕದ ‘ಸತು’. ಈಗ ನಮ್ಮ ರಾಜರಾಜೇಶ್ವರಿನಗರದಲ್ಲಿ ಆರ್ಚ್‌ನಿಂದ ಐಡಿಯಲ್ ಹೋಮ್ಸ್ ಕಡೆ ನಡ್ಕೊಂಡು ಹೋಗಿ, ದಾರೀಲಿ ಸಿಗೋ ಮೆಡಿಕಲ್ ಶಾಪಿನೊಳಗೆ ಇಣುಕಿದ್ರೆ ಕೌಂಟರ್ ಮೇಲೆ ‘ಇಮ್ಯುನಿಟಿ’ ಅಂತ ಬರೆದ ಡಬ್ಬಿಗಳ ಸಾಲು. ಒಳಗಿರೋದು ಅದೇ ಸತು, ಸ್ವಲ್ಪ ವಿಟಮಿನ್ ಸಿ ಜೊತೆಗೆ.

ಈ ಹುಚ್ಚು ಹತ್ತಿದ್ದು 2020ರಲ್ಲಿ. ಕೊರೋನಾ ಬಂದವರ ಮಾತ್ರೆ ಕವರಿನಲ್ಲಿ ಜಿಂಕ್ ಇತ್ತು, ಬರದೇ ಇದ್ದವರೂ ಮುನ್ನೆಚ್ಚರಿಕೆ ಅಂತ ನುಂಗಿದರು. ಆಗ ಯಾರಿಗೂ ಏನೂ ಗೊತ್ತಿರಲಿಲ್ಲ, ಅದನ್ನು ನಾನು ತಪ್ಪು ಅನ್ನೋದಿಲ್ಲ. ಆದರೆ 2021ರಲ್ಲೇ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು 214 ಕೊರೋನಾ ರೋಗಿಗಳ ಮೇಲೆ ಪ್ರಯೋಗ ಮಾಡಿ, ಜಿಂಕ್ ಆಗಲಿ ವಿಟಮಿನ್ ಸಿ ಆಗಲಿ ಹೇಳಿಕೊಳ್ಳುವಂಥ ಉಪಯೋಗಕ್ಕೆ ಬರಲಿಲ್ಲ ಅಂತ ಪ್ರಯೋಗವನ್ನು ಮಧ್ಯದಲ್ಲೇ ನಿಲ್ಲಿಸಿದ್ದರು. ಆ ಸುದ್ದಿ ನಮ್ಮ ಬಡಾವಣೆಗೆ ಬಂದು ತಲುಪಲೇ ಇಲ್ಲ ಅನ್ಸುತ್ತೆ.

ಬಿಇಎಂಎಲ್ ಲೇಔಟಿನಲ್ಲಿರೋ ನಮ್ಮ ಚಿಕ್ಕಪ್ಪ ಇವತ್ತಿಗೂ ದಿನಾ ಒಂದು ಜಿಂಕ್ ಮಾತ್ರೆ ತಗೋತಾರೆ. ಮಗ ಅಮೆರಿಕದಿಂದ ತಂದುಕೊಟ್ಟ ಡಬ್ಬಿ. ಮೊನ್ನೆ ಹೋದಾಗ ಹೆಮ್ಮೆಯಿಂದ ತೋರಿಸಿದರು, "ನೋಡಮ್ಮ, ನಾನೂರ ಐವತ್ತೈದು ಪರ್ಸೆಂಟ್ ಇದೆ!" ನಾನು ಡಬ್ಬಿ ತಿರುಗಿಸಿ ನೋಡಿದೆ. ಒಂದು ಮಾತ್ರೆಯಲ್ಲಿ 50 ಮಿ.ಗ್ರಾಂ. ಅಮೆರಿಕದ ಲೇಬಲ್ ಲೆಕ್ಕದಲ್ಲಿ ದಿನಕ್ಕೆ ಬೇಕಾದ್ದು 11 ಮಿ.ಗ್ರಾಂ, ಅದರ ನಾಲ್ಕೂವರೆ ಪಟ್ಟು. ಚಿಕ್ಕಪ್ಪನಿಗೆ ಅದು ಪರೀಕ್ಷೆಯಲ್ಲಿ ಬಂದ ಮಾರ್ಕ್ಸ್ ಥರ ಕಂಡಿದೆ :-)

"ಜಾಸ್ತಿ ಆಯ್ತು ಚಿಕ್ಕಪ್ಪ" ಅಂದ್ರೆ, "ಜಿಂಕ್ ತಾನೇ, ತಗೊಂಡ್ರೆ ಏನಾಗುತ್ತೆ?" ಅಂತಾರೆ.

ಆಗುತ್ತೆ. ದೊಡ್ಡವರಿಗೆ ದಿನಕ್ಕೆ 40 ಮಿ.ಗ್ರಾಂ ಮೇಲಿನ ಮಿತಿ, ಅದರಲ್ಲಿ ಊಟದ ಸತುವೂ ಸೇರಿತು. ಅದಕ್ಕಿಂತ ಹೆಚ್ಚು ತಿಂಗಳುಗಟ್ಟಲೆ ತಗೊಂಡ್ರೆ ಕರುಳು ತಾಮ್ರವನ್ನು ಒಳಗೆ ಬಿಟ್ಟುಕೊಳ್ಳೋದು ಕಡಿಮೆ ಮಾಡುತ್ತೆ. ತಾಮ್ರ ಕಮ್ಮಿಯಾದ್ರೆ ರಕ್ತಹೀನತೆ, ಬಿಳಿ ರಕ್ತಕಣ ಇಳಿಯೋದು, ಕೈಕಾಲು ಜೋಮು, ನಡಿಗೆಯಲ್ಲಿ ತೂರಾಟ. ವಯಸ್ಸಾದವರಿಗೆ ಹೀಗಾದ್ರೆ ಎಲ್ಲರೂ ಶುಗರ್ ಅಂತಲೋ ವಯಸ್ಸು ಅಂತಲೋ ಸುಮ್ಮನಾಗ್ತಾರೆ, ಮಾತ್ರೆ ಡಬ್ಬಿಯನ್ನು ಯಾರು ಅನುಮಾನಿಸ್ತಾರೆ ಹೇಳಿ? ಕೆಲವು ಕಣ್ಣಿನ ರೋಗಗಳಿಗೆ ಡಾಕ್ಟರೇ 80 ಮಿ.ಗ್ರಾಂ ಸತು ಇರೋ ಮಾತ್ರೆ ಬರೆಯೋದುಂಟು. ಆದರೆ ಅದರಲ್ಲಿ ಬೇಕಂತಲೇ ತಾಮ್ರವನ್ನೂ ಸೇರಿಸಿರ್ತಾರೆ.

ಹಾಗಂತ ಸತು ಬೇಡವೇ ಬೇಡ ಅನ್ನೋದೂ ನನ್ನ ವಾದವಲ್ಲ. ಬೆಳವಣಿಗೆಗೆ, ಗಾಯ ಮಾಯೋಕೆ, ನಾಲಿಗೆಗೆ ರುಚಿ ಹತ್ತೋಕೆ, ರೋಗದ ಜೊತೆ ಹೋರಾಡೋಕೆ ಅದು ಬೇಕೇ ಬೇಕು. ಇದನ್ನು ಲೋಕಕ್ಕೆ ತಿಳಿಸಿದ್ದು ನಮ್ಮ ಬಿಹಾರದ ಬಕ್ಸರ್‌ನ ವೈದ್ಯ ಆನಂದ ಪ್ರಸಾದ್. 1958ರಲ್ಲಿ ಅವರು ಇರಾನಿನ ಶಿರಾಜ್‌ನಲ್ಲಿದ್ದಾಗ 21 ವರ್ಷದ ಒಬ್ಬ ರೋಗಿ ಬಂದನಂತೆ, ನೋಡೋಕೆ ಹತ್ತು ವರ್ಷದ ಹುಡುಗ! ಊಟ ಹೆಚ್ಚುಕಮ್ಮಿ ಬರೀ ಗೋಧಿ ರೊಟ್ಟಿ, ಜೊತೆಗೆ ಮಣ್ಣು ತಿನ್ನೋ ಅಭ್ಯಾಸ. ಮನುಷ್ಯರಿಗೆ ಸತುವಿನ ಕೊರತೆ ಬರೋದೇ ಇಲ್ಲ ಅಂತ ಆಗ ವೈದ್ಯರು ನಂಬಿದ್ದರು. ಪ್ರಸಾದ್ 1961ರಲ್ಲಿ ಇದು ಅದೇ ಇರಬಹುದು ಅಂತ ಬರೆದರು, 1963ರ ಹೊತ್ತಿಗೆ ಈಜಿಪ್ಟಿನಲ್ಲಿ ಅಂಥದೇ ರೋಗಿಗಳಲ್ಲಿ ಅದನ್ನು ತೋರಿಸಿಕೊಟ್ಟರು. ಅವರು ತೀರಿಕೊಂಡದ್ದು 2022ರಲ್ಲಿ. ನಮ್ಮ ಪೇಪರುಗಳಲ್ಲಿ ಒಂದು ಸಾಲೂ ನನ್ನ ಕಣ್ಣಿಗೆ ಬೀಳಲಿಲ್ಲ.

ರೊಟ್ಟಿಯ ಕಥೆ ಯಾಕೆ ಹೇಳಿದೆ ಅಂದ್ರೆ, ನಮ್ಮದೂ ಧಾನ್ಯದ ಊಟವೇ. ಧಾನ್ಯ, ಬೇಳೆಗಳಲ್ಲಿ ಫೈಟೇಟ್ ಅಂತ ಒಂದು ಅಂಶ ಇರುತ್ತೆ, ಅದು ಸತುವನ್ನು ಹಿಡಿದಿಟ್ಟುಕೊಂಡು ಮೈಗೆ ಹತ್ತದ ಹಾಗೆ ಮಾಡುತ್ತೆ. ಅದಕ್ಕೇ ಐಸಿಎಂಆರ್‌ನವರು 2020ರಲ್ಲಿ ನಮ್ಮ ಗಂಡಸರಿಗೆ ದಿನಕ್ಕೆ 17, ಹೆಂಗಸರಿಗೆ ಸುಮಾರು 13 ಮಿ.ಗ್ರಾಂ ಅಂತ ಅಮೆರಿಕಕ್ಕಿಂತ ಹೆಚ್ಚಿಗೆ ಹೇಳಿದ್ದು. ನಮ್ಮ ಅಮ್ಮಂದಿರು ಹಿಟ್ಟು ಹುಳಿ ಬರಿಸಿ ದೋಸೆ ಇಡ್ಲಿ ಮಾಡೋದು, ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸಿ ಹಿಟ್ಟು ಮಾಡೋದು ಇದೆಯಲ್ಲ, ಅದರಿಂದ ಈ ಫೈಟೇಟ್ ಇಳಿಯುತ್ತೆ. ಎಳ್ಳು, ಕಡಲೆಬೇಳೆ, ಗೋಡಂಬಿ, ಕುಂಬಳಬೀಜದಲ್ಲಿ ಸತು ಚೆನ್ನಾಗಿದೆ. ಮಾಂಸ ತಿನ್ನೋರಿಗೆ ಚಿಂತೆ ಇನ್ನೂ ಕಡಿಮೆ. (ಮಣ್ಣಲ್ಲೇ ಸತು ಇಲ್ಲದಿದ್ರೆ ಬೆಳೆಗೂ ಕಷ್ಟ. 2009ರ ಭೂಚೇತನ ಯೋಜನೆಯಲ್ಲಿ ರೈತರಿಗೆ ಜಿಂಕ್ ಸಲ್ಫೇಟನ್ನು ಅರ್ಧ ಬೆಲೆಗೆ ಕೊಟ್ಟದ್ದು ಅದಕ್ಕೇ. ಅದು ಇನ್ನೊಂದು ದಿನಕ್ಕೆ.)

ಇಷ್ಟರ ಮೇಲೂ ಡಾಕ್ಟರು ಬೇಕು ಅಂದ್ರೆ, ಅಂಗಡಿಯಲ್ಲಿ ನೋಡಬೇಕಾದ್ದು ಮುಂದಿನ ದೊಡ್ಡ ಅಕ್ಷರ ಅಲ್ಲ, ಹಿಂದಿನ ಸಣ್ಣ ಅಕ್ಷರ. ‘ಎಲಿಮೆಂಟಲ್ ಜಿಂಕ್’ ಎಷ್ಟು ಅನ್ನೋದೊಂದೇ ಲೆಕ್ಕಕ್ಕೆ ಬರೋದು. ಜಿಂಕ್ ಗ್ಲುಕೋನೇಟ್ 50 ಮಿ.ಗ್ರಾಂ ಅಂತಿದ್ರೆ ಅದರಲ್ಲಿ ಸತು 7 ಮಿ.ಗ್ರಾಂ ಮಾತ್ರ. ಜಿಂಕ್ ಸಲ್ಫೇಟ್ ಮಾನೋಹೈಡ್ರೇಟ್ 55 ಇದ್ರೆ ಸತು 20. ಆಕ್ಸೈಡ್‌ನಲ್ಲಿ ನೂರಕ್ಕೆ 80 ಭಾಗ ಸತುವೇ, ಆದರೆ ಮೈಗೆ ಹತ್ತೋದು ಗ್ಲುಕೋನೇಟ್, ಸಿಟ್ರೇಟ್‌ಗಿಂತ ಕಡಿಮೆ. ಎರಡು ಡಬ್ಬಿ ಮೇಲೂ ‘50’ ಅಂತ ಇರಬಹುದು, ಒಂದರಲ್ಲಿ ಏಳು, ಇನ್ನೊಂದರಲ್ಲಿ ಐವತ್ತೇ! ಮಲ್ಟಿವಿಟಮಿನ್ ಬೇರೆ ತಗೋತಾ ಇದ್ರೆ ಅದರಲ್ಲಿರೋದನ್ನೂ ಕೂಡಿಸಿ. ಖಾಲಿ ಹೊಟ್ಟೆಗೆ ತಗೊಂಡ್ರೆ ವಾಕರಿಕೆ ಬರುತ್ತೆ. ಕಬ್ಬಿಣದ ಮಾತ್ರೆ, ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್ ಥರದ ಮಾತ್ರೆಗಳ ಜೊತೆಗೇ ತಗೋಬಾರದು, ಮಧ್ಯೆ ಎಷ್ಟು ಹೊತ್ತು ಬಿಡಬೇಕು ಅಂತ ಡಾಕ್ಟರನ್ನೇ ಕೇಳಿ. ಬೆಲೆಗೂ ಗುಣಕ್ಕೂ ಸಂಬಂಧ ಇದ್ದ ಹಾಗೆ ನನಗೆ ಕಂಡಿಲ್ಲ.

ಈಗ ನನ್ನ ನಿಜವಾದ ಸಿಟ್ಟಿಗೆ ಬರ್ತೀನಿ.

ನಮ್ಮ ರಸ್ತೆಯಲ್ಲಿ ಒಂದು ಅಪಾರ್ಟ್‌ಮೆಂಟ್ ಏಳ್ತಾ ಇದೆ. ಕೆಲಸದವರು ರಾಯಚೂರು ಕಡೆಯವರು, ಪಕ್ಕದಲ್ಲೇ ಜಿಂಕ್ ಶೀಟಿನ ಶೆಡ್ಡುಗಳಲ್ಲಿ ಇದ್ದಾರೆ. ಮಳೆ ಶುರುವಾದ ಮೇಲೆ ಅಲ್ಲಿನ ಒಂದೂವರೆ ವರ್ಷದ ಮಗುವಿಗೆ ಭೇದಿ. "ಮೂರ್ ದಿನ ಆತ್ರಿ ಅಕ್ಕಾರ, ನೀರ್ ನೀರ್ ಹೊಂಟೈತಿ, ಅಂಗಡ್ಯಾಗ ಗುಳಗಿ ಕೊಟ್ಟಾರ" ಅಂತ ತಾಯಿ ತೋರಿಸಿದ್ದು ಒಂದು ಆಂಟಿಬಯೋಟಿಕ್. ಸಂಜೆಯಾಗಿತ್ತು. ನಾನೇ ಹೋಗಿ ಓಆರ್‌ಎಸ್ ತಗೊಂಡು, ಮಕ್ಕಳ ಜಿಂಕ್ ಮಾತ್ರೆ ಕೊಡಿ ಅಂದೆ. ಕೌಂಟರಿನ ಹುಡುಗ ಆರುನೂರು ರೂಪಾಯಿಯ ಇಮ್ಯುನಿಟಿ ಡಬ್ಬಿ ಇಟ್ಟ. ನೀರಲ್ಲಿ ಕರಗೋ 20 ಮಿ.ಗ್ರಾಂ ಮಾತ್ರೆ ಅಂತ ಬಿಡಿಸಿ ಹೇಳಿದ್ರೂ ಇಲ್ಲವಂತೆ. ಮಾರನೇ ದಿನ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಮಗುವನ್ನು ನೋಡಿ, ಒಂದು ಪೈಸೆ ಇಲ್ಲದೆ ಕೊಟ್ಟರು.

ಜಿಂಕ್‌ಗೆ ಗಟ್ಟಿ ಸಾಕ್ಷಿ ಇರೋದು ಇಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2004ರಲ್ಲೇ ಭೇದಿಯಾದ ಮಕ್ಕಳಿಗೆ ಓಆರ್‌ಎಸ್ ಜೊತೆ ಜಿಂಕ್ ಕೊಡಿ ಅಂದವು. ನಮ್ಮ ಸರ್ಕಾರದ ಕ್ರಮ ಹೀಗಿದೆ: ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿ.ಗ್ರಾಂ, ಎರಡರಿಂದ ಆರು ತಿಂಗಳೊಳಗಿನದಕ್ಕೆ ಅರ್ಧ ಮಾತ್ರೆ, ಒಂದು ಚಮಚ ನೀರು ಅಥವಾ ಎದೆಹಾಲಲ್ಲಿ ಕರಗಿಸಿ, ಭೇದಿ ನಿಂತರೂ 14 ದಿನ ಪೂರ್ತಿ. ಭೇದಿ ಬೇಗ ನಿಲ್ಲುತ್ತೆ, ಮುಂದಿನ ಎರಡು ಮೂರು ತಿಂಗಳು ಮತ್ತೆ ಬರೋದೂ ಕಡಿಮೆ. (ಮಗು ಕುಡೀತಾನೇ ಇಲ್ಲ, ಕಣ್ಣು ಗುಳಿಬಿದ್ದಿದೆ, ಮಲದಲ್ಲಿ ರಕ್ತ ಇದೆ ಅಂದ್ರೆ ಮಾತ್ರೆ ಹುಡುಕ್ತಾ ಕೂರದೆ ಆಸ್ಪತ್ರೆಗೆ ಓಡಬೇಕು.) ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಭೇದಿಯಾದ ಮಕ್ಕಳಲ್ಲಿ ಓಆರ್‌ಎಸ್ ಸಿಕ್ಕಿದ್ದು ಶೇ. 60.6ಕ್ಕೆ, ಜಿಂಕ್ ಸಿಕ್ಕಿದ್ದು ಶೇ. 30.5ಕ್ಕೆ ಮಾತ್ರ.

ಚಿಕ್ಕಪ್ಪನಿಗೆ ಬೇಡದ ಸತು ಕೌಂಟರಿನ ಮೇಲೆ ಹೊಳೀತಾ ಇರುತ್ತೆ, ಶೆಡ್ಡಿನ ಮಗುವಿಗೆ ಬೇಕಾದ ಸತು ಅಂಗಡಿಯಲ್ಲೇ ಇರೋದಿಲ್ಲ. ಯಾರೂ ಕೇಳೋದಿಲ್ಲ, ಅದಕ್ಕೇ ತರಿಸೋದಿಲ್ಲ ಅಂತಾನೆ ಹುಡುಗ. ಅವನ ಮಾತೂ ಸುಳ್ಳಲ್ಲ. ಅದಕ್ಕೇ ಈಗ ಬಿಪಿ ಮಾತ್ರೆ ತರೋಕೆ ಹೋದಾಗಲೆಲ್ಲ ‘20 ಮಿ.ಗ್ರಾಂ ಮಕ್ಕಳ ಜಿಂಕ್ ಬಂತಾ?’ ಅಂತ ಕೇಳಿಯೇ ಬರ್ತೀನಿ. ನಿಮ್ಮ ಬೀದಿಯ ಅಂಗಡಿಯಲ್ಲಿ ಸಿಗುತ್ತಾ? ನಿಮ್ಮೂರ ಆಶಾ ಕಾರ್ಯಕರ್ತೆಯರು ಓಆರ್‌ಎಸ್ ಜೊತೆ ಇದನ್ನೂ ಕೊಡ್ತಾರಾ? ಒಮ್ಮೆ ವಿಚಾರಿಸಿ ನೋಡಿ, ಇಲ್ಲಿ ತಿಳಿಸಿ.